ಪಾಸಿಬಲ್‌ಗೆ ನಾಲ್ಕು ಬಡಿತ

“ಮತ್ತ ಅದೇ ಟಕ್ ಟಕ್! ಸತ್ತವರು ಬಾಗಿಲ ಬಡದಂಗ ಕೇಳಸ್ತದ. ಆ ಫೋನ್ ಬಂದ್ ಮಾಡವ್ವಾ!” ಸೋದರತ್ತೆ ಜಗದೇವಿ ಅಡುಗೆಮನೆಯಿಂದಲೇ ಗದರಿದಳು. “ನಿಲಂಗಾದ ಗಂಡಿನ ಕಡಿಯವರು ನಿನ್ನ ನೋಡ್ಲಿಕ್ಕೆ ಹೊಂಟಾರ. ಸೀರಿ ಉಟ್ಕೋ.”

ದಾನೇಶ್ವರಿ ಅಲುಗಲಿಲ್ಲ.

ಎರಡು ವರ್ಷದಿಂದ ಆ ದನಿ ಅವಳ ಬೆನ್ನು ಬಿಟ್ಟಿರಲಿಲ್ಲ. ಉದಗೀರದ ತಮ್ಮ ಬಟ್ಟೆ ಅಂಗಡಿಯಲ್ಲಿ ಒಬ್ಬಳೇ ಥಾನು ಮಡಚುವಾಗಲೂ ಕಿವಿಯ ಹಿಂದೆಯೇ ಋಷಿಕೇಶ ನಿಂತಂತೆ... ಉಸಿರು ತಾಗಿದಂತೆ...

“ಪಾಸಿಬಲ್.” ಆಮೇಲೆ ನಾಲ್ಕು ಬಡಿತ.

ಬಿ.ಎಡ್. ಕಾಲೇಜಿನಲ್ಲಿ ಮೊದಲ ದಿನವೇ ಅವಳು ಉದ್ದದ ಇಂಗ್ಲಿಷ್ ಶಬ್ದವೊಂದಕ್ಕೆ ತಡವರಿಸಿದಾಗ, ಪಕ್ಕದ ಬೆಂಚಿನಿಂದ ನಕ್ಕವನು ಅವನೇ. “ಹೆದರಬ್ಯಾಡ್ರೀ, ಕಬ್ಬು ಗಣ್ಣಿಗೊಮ್ಮೆ ಮುರದಂಗ ಮುರೀರಿ.” ಶಬ್ದ ಹೇಳುವುದು, ಆಮೇಲೆ ತುಂಡಿಗೊಂದರಂತೆ ಬೆಂಚು ಬಡಿಯುವುದು ಅವನ ಚಾಳಿ. ಆ ಬಡಿತದಲ್ಲೇ ಅವಳು ಸೋತಿದ್ದಳು!

ಉಮರ್ಗಾದ ಶಾಲೆಯಲ್ಲಿ ಕೆಲಸ ಸಿಕ್ಕು ಅವನು ಹೊರಟ ದಿನ ಅವಳು ಬರೆದು ಕಳಿಸಿದ್ದಳು, ‘ನನ್ನ ಮರೀಲಿಕ್ಕೆ ಆಗ್ತದೇನು?’ ಉತ್ತರವಾಗಿ ಬಂದದ್ದು ಈ ಒಂದು ವಾಯ್ಸ್ ಮೆಸೇಜು. ಪಾಸಿಬಲ್. ಆಗ್ತದ.

ಅಂದೇ ಅವನ ನಂಬರು ಬ್ಲಾಕ್ ಮಾಡಿದ್ದಳು. ದನಿಯನ್ನು ಮಾತ್ರ ಅಳಿಸಲಾಗಲಿಲ್ಲ.

“ನಿಮ್ಮ ಮಾಸ್ತರಗ ಎಣಿಸಲಿಕ್ಕೂ ಬರಲ್ಲೇನು?” ಅತ್ತೆ ಬಾಗಿಲಿಗೆ ಬಂದಳು. “ಪಾ... ಸಿ... ಬಲ್. ಮೂರೇ ತುಂಡು. ಬಡೀತಾನ ನಾಕು ಸಲ!”

ದಾನೇಶ್ವರಿ ಮೆಸೇಜನ್ನು ಮತ್ತೊಮ್ಮೆ ಹಚ್ಚಿ, ಬೆರಳು ಮಡಚಿ ಎಣಿಸಿದಳು.

ಮೂರು... ನಾಲ್ಕು...

ಋಷಿ ಎಣಿಕೆ ತಪ್ಪುವವನಲ್ಲ! ಒತ್ತು ‘ಪಾ’ ಮೇಲೆ. ಅದಕ್ಕೂ ಮೊದಲು ಮೆಲ್ಲಗೆ ಬರುವ ತುಂಡೊಂದಿತ್ತು. ರೆಕಾರ್ಡಿನ ಗುಂಡಿ ಒತ್ತುವ ಮೊದಲೇ ಮಾತು ಶುರುಮಾಡಿದ್ದ, ಆತುರಗೇಡಿ!

ಬ್ಲಾಕ್ ತೆಗೆದು ಕರೆ ಮಾಡಿದಳು.

“...ದಾನೇಶ್ವರಿ?”

ಅದೇ ದನಿ. ಆದರೆ ಈ ಸಲ ಅದು ಉಸಿರಾಡುತ್ತಿತ್ತು.

“ಅವತ್ತ ನೀ ಹೇಳಿದ ಪೂರಾ ಶಬ್ದ ಯಾವ್ದು?”

“ಇಂಪಾಸಿಬಲ್. ಯಾಕ? ನೀ ಬ್ಲಾಕ್ ಮಾಡಿದ್ದೇ ಉತ್ತರ ಅಂದ್ಕೊಂಡು ನಾ ಸುಮ್ಮನಾದೆ...”

“ನಿನ್ನ ‘ಇಮ್’ ಫೋನಿನಾಗ ಬಂದೇ ಇಲ್ಲೋ! ನನಗ ಪಾಸಿಬಲ್ ಅಂತನೇ ಕೇಳಸ್ಯಾದ!”



“ಒಂದು ತುಂಡಿನ ಸಲುವಾಗಿ ಎರಡು ವರ್ಷ ಹೋದ್ವಲ್ಲ, ದಾನಾ...”

“ನಿಂದು ಮದವಿ ಆಗ್ಯಾದೇನು?”

“ಹುಚ್ಚಿ! ನಿನ್ನ ಬಿಟ್ಟು ಯಾರ ಜೋಡಿ ಆಗ್ಲಿ?”

“ಹಂಗಾದ್ರ ಇವತ್ತೇ ಬಾ. ಮನಿಗೇ ಬಾ.”

“ಚಪ್ಪಲಿ ಹಾಕ್ಕೊಳ್ಳಿಕತ್ತೀನಿ. ಫೋನ್ ಇಡಬ್ಯಾಡ.”

ಜಗದೇವಿ ಒಲೆಯ ಮೇಲಿನ ಪೋಹಾ ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ತನ್ನ ಫೋನಿನಲ್ಲಿ ನಿಲಂಗಾದವರ ನಂಬರು ಹುಡುಕತೊಡಗಿದಳು.