ಏಳು ಚುಕ್ಕೆಗಳ ದಾರಿ

“ಮಿಸ್, ಸಂಘಮಿತ್ರಾಗ ಜೋಡಿ ಯಾರೂ ಇಲ್ಲರಿ!” ಎಂದು ಜಯಶ್ರೀ ಕೂಗಿದಳು. ಇಡೀ ಆರನೇ ಕ್ಲಾಸು ತಿರುಗಿ ನೋಡಿತು.

ಸಂಘಮಿತ್ರಾ ತಲೆ ತಗ್ಗಿಸಿದಳು. ಸಿರುಗುಪ್ಪದಿಂದ ಬಳ್ಳಾರಿಯ ಈ ಶಾಲೆಗೆ ಬಂದು ಎರಡು ತಿಂಗಳಾಗಿತ್ತು. ಇನ್ನೂ ಬೆಂಚಿನಲ್ಲಿ ಒಬ್ಬಳೇ.

“ಇರಲಿ, ಒಬ್ಬಾಕೆನ ಮಾಡ್ತಾಳ,” ಎಂದರು ಸುನಂದಾ ಮಿಸ್.

ಮಿಸ್ ಕೊಟ್ಟ ಹಾಳೆಯಲ್ಲಿ ಏಳು ಫೋಟೋಗಳಿದ್ದವು. ದೂರದ ನಕ್ಷತ್ರವೊಂದರ ಬೆಳಕನ್ನು ಮರೆಮಾಡಿ, ಅದರ ಪಕ್ಕದ ಗ್ರಹ ಕಾಣುವಂತೆ ದೊಡ್ಡ ಟೆಲಿಸ್ಕೋಪಿನಿಂದ ಎರಡು ವರ್ಷಕ್ಕೊಮ್ಮೆ ತೆಗೆದ ಫೋಟೋಗಳು. ಗ್ರಹವೆಂದರೆ ಒಂದು ಮಸುಕು ಚುಕ್ಕೆ, ಅಷ್ಟೆ. ಅದು ನಕ್ಷತ್ರದ ಯಾವ ಕಡೆ, ಎಷ್ಟು ದೂರದಲ್ಲಿದೆ ಎಂದು ಅಳೆದು ಗ್ರಾಫ್ ಶೀಟಿನಲ್ಲಿ ಗುರುತು ಹಾಕಬೇಕು. ಆಮೇಲೆ ಅದು ಸುತ್ತುವ ದಾರಿ ಬಿಡಿಸಬೇಕು.

ಅವಳ ಐದನೆಯ ಚುಕ್ಕೆ ಉಳಿದ ಚುಕ್ಕೆಗಳ ಬಾಗಿದ ಸಾಲಿನಿಂದ ಹೊರಗೆ ಬಂತು.

ಮುಂದಿನ ಬೆಂಚಿನ ಜಯಶ್ರೀ ಬಗ್ಗಿ ನೋಡಿದಳು. “ಲೇ, ತಪ್ಪಾಗೇತಿ. ಅಳಿಸಿ ಒಳಗ ಇಡು. ಆಮ್ಯಾಲೆ ಪೂರ್ತಿ ರೌಂಡ್ ಹಾಕಿಬಿಡು. ನಾವೂ ಹಂಗ ಮಾಡೀವಿ.”

ಜಯಶ್ರೀ ತಾನಾಗಿ ಮಾತಾಡಿಸಿದ್ದು ಇದೇ ಮೊದಲು. ಸಂಘಮಿತ್ರಾ ಖುಷಿಯಿಂದ ಚುಕ್ಕೆಯನ್ನು ಅಳಿಸಿ ಒಳಗಿಟ್ಟಳು.

ಸಂಜೆ ಸತ್ಯನಾರಾಯಣಪೇಟೆಯ ಮನೆಯಲ್ಲಿ ಯಾರೂ ಇರಲಿಲ್ಲ. ಅಮ್ಮನ ಆಸ್ಪತ್ರೆ ಡ್ಯೂಟಿ ಮುಗಿಯುವುದು ಆರಕ್ಕೆ. ಅಳಿಸಿದ ಕಲೆಯನ್ನು ನೋಡಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಮತ್ತೆ ಅಳೆದಳು. ಮೂರು ಸಲವೂ ಚುಕ್ಕೆ ಹೊರಗೇ ಬಂತು.

ಒಳಗೇ ಬಿಟ್ಟರೆ ಜಯಶ್ರೀ ನಾಳೆಯೂ ಮಾತಾಡಿಸಬಹುದು. ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತಳು. ಕೊನೆಗೆ ಚುಕ್ಕೆಯನ್ನು ಹೊರಗೇ ಇಟ್ಟಳು. ಪೂರ್ತಿ ರೌಂಡ್ ಹಾಕದೆ ಏಳನೆಯ ಚುಕ್ಕೆಯ ಹತ್ತಿರ ಗೆರೆಯನ್ನೂ ನಿಲ್ಲಿಸಿದಳು.

“ಇದೊಂದ್ಯಾಕ ಹೊರಗೈತಿ?” ಮರುದಿನ ಮಿಸ್ ಕೇಳಿದರು.

“ಮೂರು ಸಲ ಅಳದೀನ್ರಿ ಮಿಸ್. ಅಲ್ಲೇ ಬರ್ತೈತಿ.”

ಮಿಸ್ ತಾವೇ ಸ್ಕೇಲ್ ಇಟ್ಟು ನೋಡಿದರು. “ಹೌದವ್ವ. ಫೋಟೋ ಮಸುಕಿದ್ರ ಚುಕ್ಕಿ ಒಂಚೂರು ಆಕಡಿ ಈಕಡಿ ಆಗತೈತಿ. ಆದ್ರ ಕಂಡಲ್ಲೇ ಇಡಬೇಕು.”

“ರೌಂಡ್ ಅರ್ಧಕ್ಕ ಬಿಟ್ಟಾಳ್ರಿ ಮಿಸ್!” ಎಂದಳು ಜಯಶ್ರೀ.

“ಆ ಗ್ರಹ ಒಂದು ಸುತ್ತು ಹಾಕಾಕ ಸುಮಾರು ಐವತ್ತು ವರ್ಷ ಬೇಕು. ಫೋಟೋ ಇರೋದು ಹನ್ನೆರಡು ವರ್ಷದ್ದು. ಉಳಿದದ್ದು ಯಾರು ಕಂಡಾರ?”

ಜಯಶ್ರೀ ಮುಖ ತಿರುಗಿಸಿಕೊಂಡಳು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಗುಂಪಾಗಿ ಬೇವಿನ ಮರದ ನೆರಳಿಗೆ ಹೋದರು. ಸಂಘಮಿತ್ರಾ ಕ್ಲಾಸಿನಲ್ಲೇ ಡಬ್ಬಿ ತೆರೆದಳು. ಗ್ರಾಫ್ ಶೀಟಿನ ಬಹುಭಾಗ ಖಾಲಿ ಇತ್ತು. ಮುಂದಿನ ಚುಕ್ಕೆ ಎಲ್ಲಿ ಬರಬಹುದೆಂದು ಬೆರಳಿಟ್ಟು ನೋಡಿದಳು. ಅದಕ್ಕೆ ಇನ್ನೂ ಎರಡು ವರ್ಷ. ಆಗ ತಾನು ಎಂಟನೇ ಕ್ಲಾಸು.

ಈ ಶಾಲೆಯಲ್ಲಿ ಕಳೆದ ಎರಡು ತಿಂಗಳೇನು ಮಹಾ ಅನ್ನಿಸಿತು ಅವಳಿಗೆ.

ಡಬ್ಬಿಯ ಮುಚ್ಚಳ ಹಾಕಿ ಎತ್ತಿಕೊಂಡು, ಎಲ್ಲರೂ ಕೂತಿದ್ದ ಬೇವಿನ ಮರದ ಕಡೆ ನಡೆದಳು.