ಬೆಕ್ಕಿನ ಸ್ವೆಟರಿನ ಆದಾಯ

"ಬೆಕ್ಕಿಗೆ ಸ್ವೆಟರಾ?" ಚಿಕ್ಕ ಆಡಿಟರ್ ಪೆನ್ನು ಕೆಳಗಿಟ್ಟ.

"ಹ್ಞೂಂ. ನಾನೇ ಹೆಣೆಯೋದು. ಆನ್‌ಲೈನಲ್ಲಿ ಮಾರ್ತೀನಿ."

"ಬೆಕ್ಕು ಹಾಕ್ಕೊಳ್ಳುತ್ತಾ?"

"ಅದು ಬೆಕ್ಕಿಗೂ ಅದನ್ನ ಸಾಕಿದೋರಿಗೂ ಬಿಟ್ಟಿದ್ದು. ನನಗೆ ದುಡ್ಡು ಬರುತ್ತೆ."

ನಗು ತಡೆಯಲು ಅವನು ತುಟಿ ಕಚ್ಚಿದ. ಕೆನ್ನೆಯಲ್ಲಿ ಗುಳಿ ಬಿತ್ತು. ಅಷ್ಟೇ ಸಾಕಾಯಿತು ನೋಡಿ, ನಮ್ಮ ಸ್ವೆಟರ್ ಹುಡುಗಿಗೆ ತಾನು ಬಂದ ಕೆಲಸವೇ ಮರೆತುಹೋಯಿತು.

ಬಂದದ್ದು ಹೆದರಿಕೊಂಡು. ಮಾರಾಟ ಶುರುವಾಗಿ ವರ್ಷವಾದರೂ ಆದಾಯ ತೋರಿಸಿರಲಿಲ್ಲ. ಆ್ಯಪ್‌ನವರು ಕಮಿಷನ್ ಮುರಿದುಕೊಂಡೇ ಕೊಡುತ್ತಾರಲ್ಲ, ತೆರಿಗೆಯೂ ಅದರಲ್ಲೇ ಹೋಯಿತೆಂದು ಹಾಯಾಗಿದ್ದಳು. ವಿಷಯ ತಿಳಿದ ಅವಳ ಅಕ್ಕ, ಬಾಯಿಗೆ ಬಂದಂತೆ ಬೈದು ಇಲ್ಲಿಗೆ ಅಟ್ಟಿದ್ದಳು.

"ಕಮಿಷನ್ ಬೇರೆ, ತೆರಿಗೆ ಬೇರೆ," ಅವನು ಸಮಾಧಾನವಾಗಿ ಬಿಡಿಸಿ ಹೇಳಿದ. "ಮಾರಿದ್ದನ್ನ ಪೂರ್ತಿ ತೋರಿಸ್ಬೇಕು. ಆಮೇಲೆ ಕಮಿಷನ್ನು, ಉಣ್ಣೆ, ಕೊರಿಯರ್ರು, ಖರ್ಚೆಲ್ಲ ಕಳೀಬಹುದು. ಬಿಲ್ ಇದೆಯಾ?"

ಬಿಲ್ಲುಗಳೆಲ್ಲ ಅವಳ ಚೀಲದಲ್ಲೇ ಇದ್ದವು. "ಮನೇಲಿವೆ. ನಾಳೆ ತರ್ತೀನಿ," ಎಂದಳು. ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ.

ಮರುದಿನ ಉಣ್ಣೆಯ ಬಿಲ್ಲು ಮಾತ್ರ ತಂದಳು. ಅದರ ಮರುದಿನ ಕೊರಿಯರಿನದು. ಆಮೇಲೆ ಗುಂಡಿಯದು. ಲೋಕದ ಜನ ಆದಾಯ ಬಚ್ಚಿಡುತ್ತಾರೆ. ಈ ಮಹಾತಾಯಿ ಖರ್ಚು ಬಚ್ಚಿಟ್ಟುಕೊಂಡು ಕಂತಿನಲ್ಲಿ ಒಪ್ಪಿಸುತ್ತಿದ್ದಳು. ಅವನೇನು ಕಡಿಮೆಯೇ? ದಿನಕ್ಕೊಂದು ಹೊಸ ಪ್ರಶ್ನೆ ಹುಟ್ಟಿಸುತ್ತಿದ್ದ.

"ಈ ಕೆಂಪು ಸ್ವೆಟರ್ ಹೆಣೆಯೋಕೆ ಎಷ್ಟು ಹೊತ್ತು ಹಿಡೀತು?"

"ಅದೂ ರಿಟರ್ನಿಗೆ ಬೇಕಾ?"

"ಬೇಕು," ಎಂದ. ಕಿವಿ ಕೆಂಪಾಗಿತ್ತು. "ಅಂದ್ರೆ, ಬೇಕಾಗಬಹುದು."

ಅವಳು ಹೇಳುತ್ತಿದ್ದರೆ ಕನ್ನಡಕದ ಮೇಲಿನಿಂದ ಕದ್ದು ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಗಡಿಬಿಡಿಯಿಂದ ಕ್ಯಾಲ್ಕುಲೇಟರ್ ಒತ್ತುತ್ತಿದ್ದ. ಕ್ಯಾಲ್ಕುಲೇಟರ್ ಆಫಾಗಿರುವುದು ಅವಳಿಗೆ ಕಾಣುತ್ತಿತ್ತು. ಪಾಪ, ಹೇಳಲು ಮನಸ್ಸಾಗಲಿಲ್ಲ.

ಕೊನೆಯ ತಾರೀಖು ಬಂದೇಬಿಟ್ಟಿತು. ರಿಟರ್ನ್ ಸಲ್ಲಿಸಿದರೆ ಈ ಮೆಟ್ಟಿಲು ಹತ್ತಲು ಮುಂದಿನ ವರ್ಷದವರೆಗೆ ನೆಪವಿಲ್ಲ. ನೆನೆದರೇ ಅವಳಿಗೆ ಅಳು ಬರುತ್ತಿತ್ತು. ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡೋಣವೆಂದರೆ ನಾಲಿಗೆ ಏಳುತ್ತಿರಲಿಲ್ಲ.

ಅಷ್ಟರಲ್ಲಿ ಅವನ ಸೋದರತ್ತೆ ಒಳಗೆ ಬಂದರು. ಆಫೀಸು ಅವರದ್ದು, ದೊಡ್ಡ ಆಡಿಟರ್ ಅವರೇ, ಗಂಟಲೂ ಹಾಗೇ ದೊಡ್ಡದು.

"ಏನೋ, ಬೆಕ್ಕಿನ ಫೈಲು ಇನ್ನೂ ಮುಗಿದಿಲ್ವಾ? ಅರ್ಧ ಗಂಟೆ ಕೆಲಸ ಕಣೋ ಇದು!"

ಇಬ್ಬರೂ ಇಂಗು ತಿಂದ ಮಂಗನಂತೆ ಕೂತರು. ಕೊನೆಗೆ ಅವನು ಎದ್ದು ಫೈಲನ್ನು ಅತ್ತೆಯ ಕೈಗಿಟ್ಟ. "ಇದನ್ನ ನೀವೇ ಮಾಡಿ ಅತ್ತೆ. ನನ್ನಿಂದ ಆಗಲ್ಲ."

ಅವಳ ಮುಖ ಬಾಡಿಹೋಯಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಉಳಿದ ಬಿಲ್ಲುಗಳೆಲ್ಲ ಹರಡಿಬಿದ್ದವು.

"ತಗೊಳ್ಳಿ! ಮೊದಲ್ನೇ ದಿನದಿಂದ ಎಲ್ಲಾ ಇಲ್ಲೇ ಇತ್ತು."

"ಮತ್ಯಾಕೆ ಕೊಡ್ಲಿಲ್ಲ?" ಅವನು ಬೆರಗಾಗಿ ಕೇಳಿದ.

"ಕೊಟ್ಟಿದ್ರೆ ಮುಗಿದುಹೋಗ್ತಿತ್ತಲ್ಲ! ನಿಮಗೆ ಸಾಕಾಗಿದ್ರೆ ಬಾಯಿಬಿಟ್ಟು ಹೇಳ್ಬಹುದಿತ್ತು." ಅವಳು ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡಳು.

ಅತ್ತೆ ಇವಳನ್ನೊಮ್ಮೆ ಅವನನ್ನೊಮ್ಮೆ ನೋಡಿದರು. "ನಿನ್ನಿಂದ ಯಾಕೋ ಆಗಲ್ಲ?"

"ನೀವು ಮಾಡಿದ ರೂಲೇ ಅತ್ತೆ," ಅವನು ಹೇಳಿದ. "ಈ ಆಫೀಸಲ್ಲಿ ಯಾರೂ ತಮ್ಮ ಮನೆಯವರ ಲೆಕ್ಕ ತಾವೇ ಮಾಡೋ ಹಾಗಿಲ್ಲ."

ಅತ್ತೆ ಫೈಲನ್ನು ಮೇಜಿನ ಮೇಲಿಟ್ಟರು.

"ಇವಳು ಯಾವಾಗ ನಿನ್ನ ಮನೆಯವಳಾದಳು?"

"ಇನ್ನೂ ಆಗಿಲ್ಲ. ಕೇಳ್ಬೇಕು ಅಂತಿದ್ದೀನಿ."

"ಕೇಳು ಮತ್ತೆ!" ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಇವತ್ತೇ ಕೊನೇ ದಿನ. ಫೈಲು ಯಾರ ಹತ್ರ ಇರ್ಬೇಕು ಅಂತ ನನಗೆ ಈಗಲೇ ಗೊತ್ತಾಗ್ಬೇಕು."

ಅವನು ಅವಳ ಕಡೆ ತಿರುಗಿದ. ಕನ್ನಡಕ ತೆಗೆದು, ಒರೆಸಿ, ತಲೆಕೆಳಗಾಗಿ ಹಾಕಿಕೊಂಡ.

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು.

"ಫೈಲು ಅತ್ತೆ ಹತ್ರಾನೇ ಇರ್ಲಿ," ಎಂದಳು.