ಟೈಲರ್ ಅಂಗಡಿಯಿಂದ ಬಂದ ಫೋನ್

"ಒಳಗೆ ಬಂದ್ರೆ ಹೆಸರು ಬರೆಸಲೇಬೇಕಾ?"

ಬಾಗಿಲಲ್ಲಿ ನಿಂತವಳ ದನಿ ನಡುಗುತ್ತಿತ್ತು. ಗತ್ತು ಮಾತ್ರ ಜಗಳಕ್ಕೆ ಬಂದವಳದ್ದು! ಕಾಲರಿನಲ್ಲಿ ಸಾಲಾಗಿ ಗುಂಡುಸೂಜಿ ಚುಚ್ಚಿಕೊಂಡಿದ್ದಳು.

ಫೋನಿನ ಮುಂದೆ ಕೂತಿದ್ದ ಹುಡುಗಿ ತಲೆಯೆತ್ತಿದಳು. "ಬೇಡ. ಯಾವ ಹೆಸರು ಇಷ್ಟವೋ ಅದು ಹೇಳಿ, ಸಾಕು."

"ನೀವೇ ಇಡಿ."

"ಗುಂಡುಸೂಜಿ?"

ಬಂದವಳು ಗಾಬರಿಯಿಂದ ಕಾಲರ್ ಮುಟ್ಟಿ ನೋಡಿಕೊಂಡಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಷ್ಟೇ... ಫೋನಿನ ಮುಂದಿನ ನಮ್ಮ ಹುಡುಗಿ ಅಂದೇ ಪ್ರೀತಿಯಲ್ಲಿ ಜಾರಿ ಬಿದ್ದಳು!

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಆ ಎರಡು ಕೋಣೆಗಳಿಗೆ ಬೋರ್ಡು ಇರಲಿಲ್ಲ. ಹುಡುಗನನ್ನು ಪ್ರೀತಿಸಿದ ಹುಡುಗ, ಹುಡುಗಿಯನ್ನು ಪ್ರೀತಿಸಿದ ಹುಡುಗಿ, ಗಂಡೆಂದು ಬೆಳೆಸಿದರೂ ತಾನು ಹೆಣ್ಣೆಂದು ಬಲ್ಲವಳು... ಮನೆಯಲ್ಲಿ ಬಾಯಿ ಬಿಡಲಾಗದವರೆಲ್ಲ ಶನಿವಾರ ಅಲ್ಲಿ ಸೇರುತ್ತಿದ್ದರು. ನಮ್ಮ ಹುಡುಗಿಯೂ ಹಾಗೇ ಬಂದವಳು, ಈಗ ಅಲ್ಲಿ ಫೋನ್ ನೋಡಿಕೊಳ್ಳುತ್ತಿದ್ದಳು. ಎಲ್ಲರ ಬಾಯಲ್ಲೂ ಫೋನಕ್ಕ. ಗುಂಡುಸೂಜಿ ಮಾತ್ರ, "ಅಕ್ಕ ಅಂತ ನಾನು ಕರೆಯಲ್ಲಪ್ಪ!" ಎಂದು ಕಣ್ಣಲ್ಲಿ ಇನ್ನೇನೋ ಹೇಳಿ ಹೋಗುತ್ತಿದ್ದಳು.

ಅಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಬರುವವರಿಗೆ ಫೋನ್ ಮಾಡಿದಾಗ ಅವರ ಮನೆಯವರು ಎತ್ತಿದರೆ, "ಟೈಲರ್ ಅಂಗಡಿಯಿಂದ, ಬಟ್ಟೆ ರೆಡಿಯಾಗಿದೆ" ಎಂದು ಹೇಳಿ ಇಟ್ಟುಬಿಡಬೇಕು. ಗುಂಡುಸೂಜಿ ಮೊದಲ ವಾರವೇ ಎಚ್ಚರಿಸಿದ್ದಳು.

"ನಮ್ಮಮ್ಮನೇ ಟೈಲರ್. ಒಂದು ಗುಂಡಿ ಹಾಕಿಸೋಕೂ ನಾವು ಹೊರಗೆ ಹೋಗಲ್ಲ. ನಮ್ಮನೆಗೆ ಮಾತ್ರ ಕಣ್ಣಾಸ್ಪತ್ರೆಯಿಂದ ಅನ್ನಿ."

ಫೋನಕ್ಕ ಅದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದಳು ಕೂಡ.

ಒಂದು ಶನಿವಾರ ಗುಂಡುಸೂಜಿ ಬರಲಿಲ್ಲ. ಮರುವಾರವೂ ಇಲ್ಲ. 'ನನ್ನ ಮೇಲೆ ಬೇಜಾರಾ? ಬೇರೆ ಯಾರಾದರೂ...?' ಸೋಮವಾರ ಬೆಳಿಗ್ಗೆ ಫೋನಕ್ಕ ತಡೆಯಲಾರದೆ ನಂಬರ್ ಒತ್ತಿದಳು. ಕೆಲಸವೇನೂ ಇರಲಿಲ್ಲ. ಆ ದನಿ ಕೇಳಬೇಕಿತ್ತು.

ಎತ್ತಿದ್ದು ಅವಳ ಅಮ್ಮ!

ಗಾಬರಿಯಲ್ಲಿ ಫೋನಕ್ಕನಿಗೆ ಆ ಕೆಂಪು ಅಕ್ಷರ ಮರೆತೇಹೋಯಿತು. ದಿನಕ್ಕೆ ಹತ್ತು ಸಲ ಹೇಳುವ ಮಾತು ತಾನಾಗಿ ಬಾಯಿಗೆ ಬಂದುಬಿಟ್ಟಿತು. "ಟೈಲರ್ ಅಂಗಡಿಯಿಂದ. ನಿಮ್ಮ ಮಗಳ ಬಟ್ಟೆ ರೆಡಿಯಾಗಿದೆ."

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"ಯಾವ ಅಂಗಡಿ?" ಅಮ್ಮ ನಿಧಾನವಾಗಿ ಕೇಳಿದಳು. "ಯಾವ ಬಟ್ಟೆ?"

ಮುಂದಿನದು ಗುಂಡುಸೂಜಿಯ ಬೀದಿಯ ಗೆಳತಿಯಿಂದ ತಿಳಿಯಿತು. ಸೋದರಮಾವ ಬಂದು ಫೋನ್ ಕಿತ್ತುಕೊಂಡು ಮೆಸೇಜುಗಳನ್ನೆಲ್ಲ ಓದಿದ. ಅಮ್ಮನ ಕತ್ತರಿಯಲ್ಲೇ ಅವಳ ಕೂದಲು ಕತ್ತರಿಸಿದ. ಕೋಣೆಗೆ ಬೀಗ ಬಿತ್ತು, ಮದುವೆ ಗೊತ್ತಾಯಿತು. ಆ ಕೋಣೆಗಳಲ್ಲಿ ಸಂಸ್ಥೆ ನಡೆಸುವ ದೊಡ್ಡಕ್ಕ ಎರಡು ಸಲ ಪೊಲೀಸರನ್ನು ಕರೆದುಕೊಂಡು ಹೋದಳು. ಎರಡು ಸಲವೂ ಮಾವನ ಪಕ್ಕದಲ್ಲಿ ನಿಂತು ಗುಂಡುಸೂಜಿ, "ನಾನು ಚೆನ್ನಾಗಿದ್ದೀನಿ" ಎಂದಳಂತೆ.

ದೊಡ್ಡಕ್ಕ ಫೋನಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನಕ್ಕನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. 'ನನ್ನ ಕೈಯಾರೆ ಅವಳನ್ನು ಒಪ್ಪಿಸಿಬಿಟ್ಟೆನಲ್ಲ...'

ಆ ಫೋನ್ ಮಾಡಿದ ನಲವತ್ತೊಂದನೇ ದಿನ ಮಧ್ಯಾಹ್ನ ಮೆಟ್ಟಿಲಲ್ಲಿ ಯಾರೋ ಏದುಸಿರು ಬಿಡುವುದು ಕೇಳಿಸಿತು.

ಗುಂಡುಸೂಜಿ! ಅಲ್ಲಲ್ಲಿ ಬೋಳಾದ ತಲೆ, ಒಳಗಿಳಿದ ಕೆನ್ನೆ, ಬಲಗೈಗೆ ಬ್ಯಾಂಡೇಜು.

"ಮದುವೆ ಬಟ್ಟೆ ನನ್ನ ಕೈಯಲ್ಲೇ ಹೊಲಿಸ್ತಿದ್ರು," ಎಂದಳು ಕುರ್ಚಿಗೆ ಕುಸಿಯುತ್ತ. "ಬೆರಳನ್ನ ಸೂಜಿ ಕೆಳಗಿಟ್ಟು ಮಿಷನ್ ತುಳಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗಲೇಬೇಕಾಯ್ತು. ಬ್ಯಾಂಡೇಜ್ ಆದ್ಮೇಲೆ ಮಾವ ಔಷಧಿ ತರೋಕೆ ಹೋದಾಗ ಹಿಂದಿನ ಬಾಗಿಲಿಂದ ಓಡಿಬಂದೆ."

ದೊಡ್ಡಕ್ಕ ಆಗಲೇ ಕಾರಿಗೆ ಹೇಳಿದಳು. ದೂರದ ಊರಿನ ಆಶ್ರಯಧಾಮಕ್ಕೆ ಕಳಿಸಬೇಕು, ಮಾವ ಇಲ್ಲಿಗೆ ಬರುವ ಮೊದಲೇ. ಕಾರು ಬರಲು ಹತ್ತು ನಿಮಿಷವಿತ್ತು.

ಗುಂಡುಸೂಜಿ ಫೋನಕ್ಕನನ್ನೇ ನೋಡಿದಳು. "ಆ ಫೋನ್ ಮಾಡಿದ್ದು ಹೊಸಬರು ಯಾರೋ ಅಲ್ವಾ? ನೀವಾಗಿದ್ರೆ ಆ ತಪ್ಪು ಮಾಡ್ತಿರಲಿಲ್ಲ. ಅದೊಂದನ್ನೇ ಹಿಡ್ಕೊಂಡು ಬದುಕಿದ್ದೆ."

'ಹೌದು ಅಂದುಬಿಡಲೇ? ಒಂದೇ ಮಾತು... ಅವಳು ನನ್ನವಳಾಗೇ ಉಳಿಯುತ್ತಾಳೆ.'

ಆದರೂ ಸುಳ್ಳಿನ ಮೇಲೆ ಅವಳನ್ನು ಕಳಿಸಿಕೊಡಲು ಮನಸ್ಸು ಬರಲಿಲ್ಲ.

"ನಾನೇ ಮಾಡಿದ್ದು."

ಗುಂಡುಸೂಜಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

"ಯಾಕೆ?"

"ಎರಡು ಶನಿವಾರ ನೀನು ಬರಲಿಲ್ಲ. ಹುಚ್ಚು ಹಿಡಿದಂಗಾಗಿತ್ತು. ನಿಮ್ಮಮ್ಮನ ದನಿ ಕೇಳಿ ಕೈಕಾಲೇ ಆಡಲಿಲ್ಲ..." ಫೋನಕ್ಕ ಬಿಕ್ಕಿದಳು. "ನಿನ್ನನ್ನ ಪ್ರೀತಿಸ್ತೀನಿ. ಕ್ಷಮಿಸು ಅಂತ ಕೇಳೋ ಮುಖ ನನಗಿಲ್ಲ."

"ಸ್ಕೂಲ್ ಯೂನಿಫಾರಂ ಆರ್ಡರ್ ಬಂದಿತ್ತು ಕಣೇ, ಅದಕ್ಕೇ ಬರಲಿಲ್ಲ!" ಗುಂಡುಸೂಜಿ ಕೂಗಿದಳು. ಆಮೇಲೆ ದನಿ ಒಡೆಯಿತು. "ಆ ಫೋನ್ ಮಾಡಿದವಳಿಗೆ ನಲವತ್ತೊಂದು ದಿನ ಶಾಪ ಹಾಕಿದೀನಿ, ಗೊತ್ತಾ?"

"ಹಾಕು. ಇನ್ನೂ ಹಾಕು."

ಕೆಳಗೆ ಕಾರು ಹಾರ್ನ್ ಮಾಡಿತು. ದೊಡ್ಡಕ್ಕ ಬಾಗಿಲಿಂದ ಅವಸರಪಡಿಸಿದಳು. ಗುಂಡುಸೂಜಿ ಎದ್ದು ತಿರುಗಿ ನೋಡದೆ ಮೆಟ್ಟಿಲಿನವರೆಗೂ ಹೋದಳು. ಫೋನಕ್ಕ ಕೂತಲ್ಲೇ ಕಣ್ಣು ಮುಚ್ಚಿದಳು. ಹೋಗಲಿ, ಬದುಕಿಕೊಳ್ಳಲಿ, ಅಷ್ಟು ಸಾಕು.

"ಮೆಟ್ಟಿಲು ಇಳಿಯೋಕೆ ಆಗ್ತಿಲ್ಲ," ಎಂದಿತು ಬಾಗಿಲ ಕಡೆಯಿಂದ ಸಣ್ಣ ದನಿ. "ತಲೆ ಸುತ್ತುತ್ತೆ. ಬಂದು ಹಿಡ್ಕೋ."

ಫೋನಕ್ಕ ಓಡಿದಳು. ಚಾಚಿದ್ದು ಬ್ಯಾಂಡೇಜಿನ ಕೈ. ಮುಟ್ಟಲು ಹೆದರಿ ನಿಂತಳು.

"ಕೋಪ ಹೋಗಿಲ್ಲ ನಂಗೆ," ಎಂದಳು ಗುಂಡುಸೂಜಿ. "ಎಷ್ಟು ದಿನ ಬೇಕೋ ಗೊತ್ತಿಲ್ಲ."

"ಎಷ್ಟು ದಿನ ಆದ್ರೂ ಇರ್ತೀನಿ." ಫೋನಕ್ಕ ಆ ಕೈಯನ್ನು ಮೆಲ್ಲಗೆ ಹಿಡಿದಳು. "ನೋಯುತ್ತಾ?"

"ತುಂಬಾ... ಬಿಡಬೇಡ."